ಕೇಳಿದ್ದನ್ನೇ ಕೇಳಿದರೆ ರೇಗಬೇಡಿ

ಬನಶಂಕರಿಯ ಸಹೋದರಿ, ಬೈಕ್ ಅಪಘಾತದ ನಂತರ ನಿಮ್ಮ ಯಜಮಾನರು ಮದುವೆ ಊಟದ ಬಗೆಗಳನ್ನೆಲ್ಲ ಹೇಳುತ್ತಾರೆ, ಬೆಳಗಿನ ತಿಂಡಿ ಮರೆಯುತ್ತಾರೆ. ಇದು ನಾಟಕವಲ್ಲ. ಪೆಟ್ಟು ಬಿದ್ದ ಮಿದುಳಿಗೆ ಹೊಸದನ್ನು ಕೂಡಿಡುವುದೇ ಹೆಚ್ಚು ಕಷ್ಟ. “ನೆನಪು ಮಾಡ್ಕೊಳ್ಳಿ ನೋಡೋಣ” ಎಂಬ ಪರೀಕ್ಷೆ ಬೇಡ, ಉತ್ತರ ಹೇಳಿಬಿಡಿ. ಇಲ್ಲದಿದ್ದರೆ ಊಹಿಸಿದ ತಪ್ಪೇ ತಲೆಯಲ್ಲಿ ಕೂತುಬಿಡುತ್ತದೆ.

ರೂಢಿಯಿಂದ ಕಲಿಯಲು ಮಿದುಳಿನಲ್ಲಿ ದಾರಿಯೇ ಬೇರೆ. 1953ರ ಶಸ್ತ್ರಚಿಕಿತ್ಸೆಯ ನಂತರ ಹೊಸ ಸಂಗತಿ ನೆನಪಿಡಲಾಗದ ಅಮೆರಿಕದ ಹೆನ್ರಿ ಮೊಲೈಸನ್, ಕನ್ನಡಿ ನೋಡುತ್ತ ನಕ್ಷತ್ರ ಬರೆಯುವುದನ್ನು ಕಲಿತರು. ಕಲಿತದ್ದೇ ಅವರಿಗೆ ಗೊತ್ತಿರಲಿಲ್ಲ! ಹಾಗಾಗಿ ಮಾತ್ರೆ, ಕನ್ನಡಕ, ಡೈರಿ ದಿನವೂ ಅದೇ ಜಾಗದಲ್ಲಿರಲಿ. ಬೈಕ್ ಕೀಲಿ ಮಾತ್ರ, ವೈದ್ಯರು ಒಪ್ಪುವವರೆಗೆ, ನಿಮ್ಮ ಬಳಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನೆನಪಿನ ಪರೀಕ್ಷೆ, ಪುನರ್ವಸತಿ ಎರಡೂ ಇವೆ. ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ ಹಿಡಿದು ಹೋಗಿ. ಫಿಟ್ಸ್ ಬಂದರೆ, ವಾಂತಿಯೊಂದಿಗೆ ತಲೆನೋವು ಏರಿದರೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.