ಓಟ ತೀರಿದ ನಾಯಿಗಳಿಗೆ ಮನೆ

ಪ್ರಾಣಿಯ ಆಯುಷ್ಯವು ಬೇರೆ, ಅದರಿಂದ ಮನುಷ್ಯನು ಕೆಲಸ ತೆಗೆದುಕೊಳ್ಳುವ ಕಾಲವು ಬೇರೆ. ಕೆಲಸವು ತೀರಿ ಆಯುಷ್ಯವು ಮಾತ್ರ ಉಳಿದಾಗ ಆ ಉಳಿದ ವರ್ಷಗಳ ಭಾರವನ್ನು ಯಾರು ಹೊರತಕ್ಕದ್ದು? ನಮ್ಮ ಕದರಮಂಡಲಗಿಯ ಸುತ್ತಿನವರಿಗೆ ಈ ಪ್ರಶ್ನೆಯು ಹೊಸದಲ್ಲ. ದೀಪಾವಳಿಯಾದ ಮೇಲೆ ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ತಾಲೂಕುಗಳ ಊರೂರಲ್ಲಿಯೂ ಹೋರಿ ಬೆದರಿಸುವ ಹಬ್ಬವು ನಡೆಯುತ್ತದೆ. ಕೊರಳಿಗೆ ಒಣಕೊಬ್ಬರಿಯ ಹಾರ, ಮೈಮೇಲೆ ಝೂಲು, ಕೋಡುಗಳಿಗೆ ಬಣ್ಣದ ಪಟ್ಟಿ, ಬಲೂನುಗಳನ್ನು ಕಟ್ಟಿಸಿಕೊಂಡು ಓಡುವ ಹೋರಿಗೆ ರಾಜರಿಗೂ ಸಿನಿಮಾ ನಾಯಕರಿಗೂ ಸಲ್ಲುವ ಹೆಸರುಗಳಿರುತ್ತವೆ. ಹೆಸರಾದ ಹೋರಿಯು ಮುದಿಯಾದ ಮೇಲೂ ಅದನ್ನು ಕೊಟ್ಟಿಗೆಯಲ್ಲಿಟ್ಟು ಸಾಕಿ, ಸತ್ತಾಗ ಮೆರವಣಿಗೆ ಮಾಡಿ ತಮ್ಮ ಹೊಲದಲ್ಲಿಯೇ ಮಣ್ಣು ಮಾಡುವ ಒಕ್ಕಲುಮನೆಗಳು ಈ ಸೀಮೆಯಲ್ಲಿ ಉಂಟು. ಹೆಸರು ಮಾಡದೆ ಹೋದ ಹೋರಿಯ ಗತಿಯನ್ನು ಸಂತೆಯೇ ತೀರ್ಮಾನಿಸುವದೂ ಉಂಟು. ಹೀಗೆ ಓಡಿಸಿ ಬಿಟ್ಟ ಪ್ರಾಣಿಗೆ ಮನೆ ಹುಡುಕಿಕೊಡುವದನ್ನೇ ತಮ್ಮ ಸೇವೆಯನ್ನಾಗಿ ಮಾಡಿಕೊಂಡ ಜನರು ಬೇರೆ ದೇಶಗಳಲ್ಲಿ ಇದ್ದಾರೆ. ಅವರು ನೋಡಿಕೊಳ್ಳುವದು ಗ್ರೇಹೌಂಡ್ ಎಂಬ ಓಟದ ನಾಯಿಯನ್ನು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಅವರ ಕೆಲಸದ ರೀತಿಯನ್ನು ತಿಳಿಯಬೇಕೆಂದು ಇದನ್ನು ಬರೆದಿದೆ.

ಮುಧೋಳದ ನಾಯಿಯನ್ನು ಕಂಡವರಿಗೆ ಗ್ರೇಹೌಂಡಿನ ರೂಪವನ್ನು ಹೆಚ್ಚಾಗಿ ವರ್ಣಿಸಬೇಕಾಗಿಲ್ಲ. ನೀಳವಾದ ಮೋರೆ, ಆಳವಾದ ಎದೆ, ಬೆನ್ನಿಗೆ ಹತ್ತಿದಂತಿರುವ ಹೊಟ್ಟೆ, ಸಪೂರವಾದ ಉದ್ದ ಕಾಲುಗಳು. ಎರಡೂ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನೇ ನೆಚ್ಚಿ ಬೇಟೆಯನ್ನು ಅಟ್ಟುವ ಜಾತಿಯವು. ಗ್ರೇಹೌಂಡ್ ತಾಸಿಗೆ ೬೦ ಕಿಲೋಮೀಟರಿಗೂ ಮೀರಿದ ವೇಗದಿಂದ ಓಡುತ್ತದೆ; ಆದರೆ ಆ ವೇಗವು ಅರ್ಧ ನಿಮಿಷದ ಮಾತು. ೫೦೦ ಮೀಟರಿನ ಪಂದ್ಯವನ್ನು ಒಳ್ಳೆಯ ನಾಯಿಯು ಅಷ್ಟರೊಳಗೆ ಮುಗಿಸಿಬಿಡುತ್ತದೆ.

ಮೊದಲು ಈ ನಾಯಿಗಳನ್ನು ಜೀವಂತ ಮೊಲದ ಹಿಂದೆ ಬಿಡುತ್ತಿದ್ದರು. ೧೮೭೬ರಲ್ಲಿ ಲಂಡನ್ನಿನ ಬಳಿಯ ಹೆಂಡನ್ ಎಂಬಲ್ಲಿ ಕೃತ್ರಿಮ ಮೊಲವನ್ನು ನೇರವಾದ ದಾರಿಯಲ್ಲಿ ಎಳೆದು ಓಡಿಸಿ ನೋಡಿದರು; ಅದು ಜನರಿಗೆ ಹಿಡಿಸಲಿಲ್ಲ. ೧೯೧೯ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಎಮೆರಿವಿಲ್ಲಿನಲ್ಲಿ ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬವನು ದುಂಡಾದ ಕಣದಲ್ಲಿ ಯಂತ್ರದ ಮೊಲವನ್ನು ಓಡಿಸಿದನು. ೧೯೨೬ನೆಯ ಜುಲೈ ೨೪ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬೆಲ್ ವ್ಯೂ ಕಣದಲ್ಲಿ ಅದೇ ರೀತಿಯ ಪಂದ್ಯವು ನಡೆಯಿತು. ಕೆಲವೇ ವರ್ಷಗಳಲ್ಲಿ ಇದು ಕೂಲಿಕಾರರ ಸಂಜೆಯ ವಿನೋದವೂ ದೊಡ್ಡ ಜೂಜೂ ಆಗಿ ಬೆಳೆಯಿತು. ಮಿಕ್ ದ ಮಿಲ್ಲರ್ ಎಂಬ ನಾಯಿಯು ೧೯೨೯ ಮತ್ತು ೧೯೩೦ರಲ್ಲಿ ಇಂಗ್ಲಿಷ್ ಡರ್ಬಿಯನ್ನು ಗೆದ್ದು ಎಷ್ಟು ಪ್ರಸಿದ್ಧವಾಯಿತೆಂದರೆ, ಸತ್ತ ಮೇಲೆ ಅದರ ದೇಹವನ್ನು ಕೆಡದಂತೆ ಕಾಪಾಡಿ ಟ್ರಿಂಗ್ ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅದರೊಡನೆ ಓಡಿ ಸೋತ ನಾಯಿಗಳ ಹೆಸರು ಯಾರಿಗೂ ನೆನಪಿಲ್ಲ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಗ್ರೇಹೌಂಡ್ ಸುಮಾರು ಒಂದೂವರೆ ವರ್ಷದ ಪ್ರಾಯದಲ್ಲಿ ಕಣಕ್ಕೆ ಇಳಿಯುತ್ತದೆ. ನಾಲ್ಕು, ಹೆಚ್ಚೆಂದರೆ ಐದು ವರ್ಷಕ್ಕೆ ಅದರ ಓಟವು ತೀರುತ್ತದೆ. ತಿರುವಿನಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಅದಕ್ಕೂ ಮೊದಲೇ. ಆದರೆ ಅದು ಹನ್ನೆರಡರಿಂದ ಹದಿನಾಲ್ಕು ವರ್ಷ ಬದುಕತಕ್ಕ ಪ್ರಾಣಿ. ಉಳಿದ ವರ್ಷಗಳೆಷ್ಟೆಂದು ಐದನೆಯ ಇಯತ್ತೆಯ ಹುಡುಗಿಯೂ ಹೇಳಿಯಾಳು. ಪಂದ್ಯ ನಡಿಸುವವರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಬಹುಕಾಲದ ವರೆಗೆ ಈ ವರ್ಷಗಳಿಗೆ ಅಂಕಣವೇ ಇರಲಿಲ್ಲ.

ಅದಿಲ್ಲದ್ದರಿಂದ ಏನಾಯಿತೆಂಬದು ೨೦೦೬ರ ಜುಲೈಯಲ್ಲಿ ಸಂಡೇ ಟೈಮ್ಸ್ ಪತ್ರಿಕೆಯಿಂದ ಬೈಲಿಗೆ ಬಂತು. ಇಂಗ್ಲೆಂಡಿನ ಡರ್‌ಹ್ಯಾಮ್ ಪ್ರಾಂತದ ಸೀಹ್ಯಾಮ್ ಎಂಬಲ್ಲಿ ಒಬ್ಬನು, ತಲೆಗೆ ಹತ್ತು ಪೌಂಡಿನಂತೆ ತೆಗೆದುಕೊಂಡು, ಓಡಲಾರದ ಗ್ರೇಹೌಂಡುಗಳನ್ನು ಕೊಂದು ತನ್ನ ಮನೆಯ ಹಿಂದಿನ ಭೂಮಿಯಲ್ಲಿ ಹೂಳುತ್ತಿದ್ದನು. ಪತ್ರಿಕೆಯ ಅಂದಾಜಿನಂತೆ ಹದಿನೈದು ವರ್ಷಗಳಲ್ಲಿ ಹೀಗೆ ಸತ್ತವು ಸುಮಾರು ೧೦,೦೦೦. ಅವುಗಳಲ್ಲಿ ಅನೇಕವು ರೋಗವಿಲ್ಲದ, ಗಟ್ಟಿಮುಟ್ಟಾದ ನಾಯಿಗಳು. ಆತನಿಗೆ ನ್ಯಾಯಾಲಯವು ದಂಡವನ್ನೇನೋ ವಿಧಿಸಿತು, ಆದರೆ ಯಾತಕ್ಕೆ? ಪರವಾನಗಿ ಇಲ್ಲದೆ ಕಸವನ್ನು ಭೂಮಿಯಲ್ಲಿ ಹೂತದ್ದಕ್ಕೆ! ಮಾಲಿಕನು ತಂದೊಪ್ಪಿಸಿದ ನಾಯಿಯನ್ನು ಒಂದೇ ಏಟಿಗೆ ಕೊಲ್ಲುವದು ಆ ದೇಶದ ಕಾಯಿದೆಗೆ ಅಪರಾಧವಾಗಿರಲಿಲ್ಲ. ನನ್ನ ಮಟ್ಟಿಗೆ ಆ ಹತ್ತು ಸಾವಿರದ ಸಂಖ್ಯೆಗಿಂತ ಈ ‘ಕಸ’ ಎಂಬ ಒಂದು ಶಬ್ದವೇ ಹೆಚ್ಚು ಭಯಂಕರವಾಗಿ ತೋರುತ್ತದೆ.

ಆದರೆ ಇದಕ್ಕೆ ಬಹಳ ಮೊದಲೇ ಕೆಲವರು ಎಚ್ಚತ್ತಿದ್ದರು. ೧೯೭೫ರಲ್ಲಿ ಇಂಗ್ಲೆಂಡಿನಲ್ಲಿ ನಿವೃತ್ತ ಗ್ರೇಹೌಂಡುಗಳ ಟ್ರಸ್ಟು ಸ್ಥಾಪಿತವಾಯಿತು. ೧೯೮೭ರಲ್ಲಿ ಅಮೆರಿಕದಲ್ಲಿ ‘ಗ್ರೇಹೌಂಡ್ ಪೆಟ್ಸ್ ಆಫ್ ಅಮೆರಿಕಾ’ ಎಂಬ ಸಂಘವು ಹುಟ್ಟಿತು. ಇಂಥ ಸಂಘಗಳ ಕೆಲಸವು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರಿಂದ ನಡೆಯುತ್ತದೆ. ಒಬ್ಬರು ತಮ್ಮ ಮೋಟಾರಿನಲ್ಲಿ ನಾಯಿಯನ್ನು ಕಣದಿಂದ ತರುವರು. ಇನ್ನೊಬ್ಬರು ಕಾಯಂ ಮನೆ ಸಿಕ್ಕುವ ತನಕ ಕೆಲವು ವಾರ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವರು. ಮತ್ತೊಬ್ಬರು, ನಾಯಿಯನ್ನು ಬೇಡಿದವರ ಮನೆಗೆ ಹೋಗಿ ಹಿತ್ತಲಿನ ಬೇಲಿಯು ಎತ್ತರವಾಗಿದೆಯೋ, ಮನೆಯಲ್ಲಿ ಬೆಕ್ಕು ಉಂಟೋ, ಹಗಲೆಲ್ಲ ಬಾಗಿಲಿಗೆ ಬೀಗವಿರುತ್ತದೋ ಎಂದು ವಿಚಾರಿಸುವರು. ಕನ್ಯೆಯನ್ನು ಕೊಡುವ ಮೊದಲು ನಮ್ಮವರು ಮಾಡುವ ವಿಚಾರಣೆಗಿಂತ ಇದು ಕಡಿಮೆಯದಲ್ಲ. (ಕೆಲವು ಸಂಬಂಧಗಳಲ್ಲಿ ನಾವೂ ಇಷ್ಟು ವಿಚಾರಿಸಿದರೆ ಒಳ್ಳೆಯದಿತ್ತು.)

ಶಿಕ್ಷಕಿಯಾದ ನನಗೆ ಎಲ್ಲಕ್ಕಿಂತ ರುಚಿಸಿದ್ದು ಆ ತಾತ್ಕಾಲಿಕ ಮನೆಗಳಲ್ಲಿ ನಡೆಯುವ ಪಾಠ. ಓಟದ ನಾಯಿಯು ಹುಟ್ಟಿದಂದಿನಿಂದ ಗೂಡು, ಕಣ, ಗಾಡಿ ಇವುಗಳನ್ನು ಬಿಟ್ಟು ಬೇರೇನನ್ನೂ ಕಂಡಿರುವದಿಲ್ಲ. ಮೂರು ನಾಲ್ಕು ವರ್ಷದ ಬೆಳೆದ ಪ್ರಾಣಿಯಾದಾಗ್ಯೂ ಮನೆಯ ವಿಷಯದಲ್ಲಿ ಅದು ಮೊದಲನೆಯ ಇಯತ್ತೆಗೆ ಬಂದ ಕೂಸು. ಮೆಟ್ಟಲೆಂದರೇನೆಂದು ಅದಕ್ಕೆ ತಿಳಿಯದು. ಕೆಳಗೆ ನಿಂತು ನಡುಗುತ್ತದೆ. ಆಗ ಒಬ್ಬರು ಹಿಂದೆ ನಿಂತು ಅದರ ಕಾಲುಗಳನ್ನು ಒಂದೊಂದಾಗಿ ಎತ್ತಿ ಮೆಟ್ಟಲಿನ ಮೇಲೆ ಇಡುತ್ತಾರೆ. ನುಣುಪಾದ ನೆಲದ ಮೇಲೆ ಜಾರಿ ಬಿದ್ದು, ಮತ್ತೆ ಆ ಕೋಣೆಗೆ ಬರಲೊಲ್ಲೆನೆಂದು ಹೊಸ್ತಿಲಲ್ಲಿಯೇ ನಿಲ್ಲುವದುಂಟು. ಅದಕ್ಕೆ ಚಾಪೆಯನ್ನು ಹಾಸಿಕೊಟ್ಟರೆ ಧೈರ್ಯ ಬರುತ್ತದೆ. ಗಾಜಿನ ಬಾಗಿಲನ್ನು ತೆರೆದ ದಾರಿಯೆಂದು ತಿಳಿದು ಓಡಿ ಹೊಡೆದುಕೊಳ್ಳದಂತೆ, ಅದರ ಕಣ್ಣಿನ ಮಟ್ಟಕ್ಕೆ ಕಾಗದದ ಪಟ್ಟಿಯನ್ನು ಅಂಟಿಸುತ್ತಾರೆ. ಕನ್ನಡಿಯಲ್ಲಿ ತನ್ನನ್ನು ಕಂಡು ಬೇರೆ ನಾಯಿಯೆಂದು ದಿಟ್ಟಿಸುತ್ತ ನಿಲ್ಲುವದು. ಹೊರಗಡೆಗೆ ಹೋಗತಕ್ಕ ಕ್ರಮವನ್ನು ಹೊತ್ತು ಹೊತ್ತಿಗೆ ಕರೆದೊಯ್ದು ಕಲಿಸಬೇಕು. ನಿದ್ದೆಯಲ್ಲಿರುವಾಗ ಯಾರೂ ಅದನ್ನು ಮುಟ್ಟಿ ಎಬ್ಬಿಸಕೂಡದು. ಗೂಡಿನಲ್ಲಿ ಒಂಟಿಯಾಗಿ ಮಲಗಿ ರೂಢಿಯಾದ ನಾಯಿಯು ಬೆಚ್ಚಿ ಬಾಯಿ ಹಾಕೀತು. ಕೆಲವು ನಾಯಿಗಳು ಕಣ್ಣು ತೆರೆದೇ ನಿದ್ರಿಸುವದರಿಂದ, ಹೆಸರು ಹಿಡಿದು ಕರೆದು ಎಬ್ಬಿಸಿರೆಂದು ಮಕ್ಕಳಿಗೆ ಮುಂಚಿತವಾಗಿ ಹೇಳುತ್ತಾರೆ. ಇಲ್ಲಿ ನಾಯಿಯ ಸಂಗಡ ಮನೆಯ ಮಕ್ಕಳೂ ಪಾಠ ಕಲಿಯಬೇಕಾಗುತ್ತದೆ.

ಕೊರಳಪಟ್ಟಿಯೂ ಬೇರೆ ತರದ್ದು. ಇದರ ಕೊರಳು ತಲೆಗಿಂತ ದಪ್ಪವಾಗಿರುವದರಿಂದ ಸಾಧಾರಣ ಪಟ್ಟಿಯು ಜಾರಿ ಹೋಗುತ್ತದೆ. ಎಳೆದರೆ ತುಸು ಬಿಗಿಯಾಗುವ ಅಗಲವಾದ ಪಟ್ಟಿಯನ್ನು ಕಟ್ಟುತ್ತಾರೆ. ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗ ಬಿಚ್ಚುವದಿಲ್ಲ. ಬೆಕ್ಕಾಗಲಿ ಮೊಲವಾಗಲಿ ಕಣ್ಣಿಗೆ ಬಿದ್ದರೆ ಯಜಮಾನನ ಕೂಗು ಕಿವಿಗೆ ಬೀಳುವಷ್ಟರಲ್ಲಿ ನಾಯಿಯು ಎರಡು ಹೊಲ ದಾಟಿರುತ್ತದೆ. ಮೈಯಲ್ಲಿ ಕೊಬ್ಬು ಬಹಳ ಕಡಿಮೆ, ಚರ್ಮವೂ ತೆಳು. ಆದದರಿಂದ ಚಳಿಗೆ ಕವಚವನ್ನು ಹೊದಿಸುವರು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ವೈದ್ಯರು ಇದನ್ನು ಗಮನಿಸಬೇಕು. ಬೇರೆ ನಾಯಿಗಳಿಗೆ ಒಗ್ಗುವ ಕೆಲವು ಔಷಧಗಳಿಂದ ಗ್ರೇಹೌಂಡ್ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ.

ಇಷ್ಟು ಕಷ್ಟಪಟ್ಟವರಿಗೆ ಒಂದು ಆಶ್ಚರ್ಯವು ಕಾದಿರುತ್ತದೆ. ಇಷ್ಟು ವೇಗದ ಪ್ರಾಣಿಗೆ ದಿನವಿಡೀ ಓಡಾಟ ಬೇಕೆಂದು ಎಲ್ಲರೂ ಎಣಿಸುವರು; ಆದರೆ ಅದು ದಿನದ ಹೆಚ್ಚಿನ ಪಾಲನ್ನು ಮಲಗಿಯೇ ಕಳೆಯುತ್ತದೆ. ಹೊತ್ತಿಗೆ ಎರಡು ಸಲ ತಿರುಗಾಡಿಸಿದರೆ ಅದಕ್ಕೆ ತೃಪ್ತಿ. ಬೊಗಳುವದೂ ಕಡಿಮೆ. ಅದರ ರಕ್ತದಲ್ಲಿ ಕೆಂಪು ಕಣಗಳು ಬೇರೆ ತಳಿಗಳಿಗಿಂತ ಹೆಚ್ಚು, ಅನೇಕ ಗ್ರೇಹೌಂಡುಗಳ ರಕ್ತವು ಬೇರೆ ನಾಯಿಗಳಿಗೂ ಹೊಂದುವಂಥದು. ಆದದರಿಂದ ಪಶುವೈದ್ಯರು ಗಾಯಗೊಂಡ ನಾಯಿಗಳಿಗಾಗಿ ಇವುಗಳಿಂದ ರಕ್ತದಾನವನ್ನು ಪಡೆಯುವದುಂಟು.

ಈ ಕೆಲಸದ ಕಠಿಣ ಪರೀಕ್ಷೆಯು ಕಣಗಳು ಮುಚ್ಚಿದಾಗ ಬಂತು. ಚೀನದ ಮಕಾವ್ ಪಟ್ಟಣದ ಓಟದ ಕಣವು ೨೦೧೮ರ ಜುಲೈಯಲ್ಲಿ ಮುಚ್ಚಿತು. ೫೦೦ಕ್ಕೂ ಹೆಚ್ಚು ನಾಯಿಗಳು ಒಮ್ಮೆಲೆ ದಿಕ್ಕಿಲ್ಲದವಾದವು. ಅನಿಮಾ ಎಂಬ ಪ್ರಾಣಿದಯಾ ಸಂಘದವರು ಅವುಗಳನ್ನು ವಹಿಸಿಕೊಂಡು, ಇಟಲಿ, ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳ ಸಂಘಗಳೊಡನೆ ಪತ್ರವ್ಯವಹಾರ ನಡಿಸಿ, ವಿಮಾನದಲ್ಲಿ ಕಳುಹಿಸಿ ಮನೆಗಳನ್ನು ಒದಗಿಸಿದರು. ಅದೇ ವರ್ಷದ ನವಂಬರಿನಲ್ಲಿ ಅಮೆರಿಕದ ಫ್ಲೋರಿಡಾ ಸಂಸ್ಥಾನದ ಮತದಾರರಲ್ಲಿ ನೂರಕ್ಕೆ ೬೯ರಷ್ಟು ಜನರು ನಾಯಿಪಂದ್ಯವು ನಿಲ್ಲಬೇಕೆಂದು ಮತವಿತ್ತರು; ೨೦೨೦ರ ಕೊನೆಗೆ ಅಲ್ಲಿ ಪಂದ್ಯಗಳು ನಿಂತವು. ಮಧ್ಯದ ಎರಡು ವರ್ಷಗಳ ಗಡುವು ಸ್ವಯಂಸೇವಕರಿಗೆ ವರವಾಯಿತು. ೨೦೨೪ರ ಡಿಸೆಂಬರಿನಲ್ಲಿ ನ್ಯೂಜಿಲೆಂಡ್ ಸರಕಾರವೂ ಪಂದ್ಯವನ್ನು ನಿಲ್ಲಿಸುವೆನೆಂದು ಸಾರಿದಾಗ, ಇರುವ ನಾಯಿಗಳಿಗೆ ಮನೆ ಹುಡುಕಲು ಕಾಲವು ಬೇಕೆಂಬದನ್ನೇ ಗಡುವಿಗೆ ಕಾರಣವಾಗಿ ಹೇಳಿತು.

ಇಲ್ಲಿ ಒಂದು ಆಕ್ಷೇಪಣೆಯುಂಟು. ಮನೆ ಹುಡುಕುವವರು ಪಂದ್ಯದವರ ಮುಖ ತೊಳೆಯುವವರಾಗುತ್ತಾರೆ. ಇವರು ನಾಯಿಗಳನ್ನು ಒಯ್ಯುವದರಿಂದಲೇ ಅವರು ನಿಶ್ಚಿಂತೆಯಿಂದ ಹೊಸ ಮರಿಗಳನ್ನು ಹುಟ್ಟಿಸುತ್ತಾರೆ, ಎಂದು ಕೆಲವರು ವಾದಿಸುವರು. ಈ ವಾದದಲ್ಲಿ ಸತ್ಯವಿಲ್ಲದಿಲ್ಲ. ಪಂದ್ಯದವರ ಹಣದಿಂದಲೇ ನಡೆಯುವ ಸಂಘಗಳು ಬಾಯಿ ಬಿಡಲು ಅಂಜುವದೂ ಸಹಜ. ಆದರೂ ವಾದವು ತೀರುವ ತನಕ ಗೂಡಿನಲ್ಲಿರುವ ನಾಯಿಯು ಕಾಯಲಾರದು. ಹಣವನ್ನು ಗಳಿಸಿದವರಿಂದ ಆ ಉಳಿದ ವರ್ಷಗಳ ವೆಚ್ಚವನ್ನು ಕಾಯಿದೆಯಿಂದ ವಸೂಲು ಮಾಡಬೇಕು, ನಾಯಿಯನ್ನು ಮಾತ್ರ ಇಂದೇ ಮನೆಗೆ ತರಬೇಕು ಎಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿಯೂ ಈ ವಿಷಯವು ಎದ್ದದ್ದುಂಟು. ಭೂಸೇನೆಯಲ್ಲಿ ದುಡಿದು ನಿವೃತ್ತವಾದ ನಾಯಿಗಳನ್ನು ಕೊಲ್ಲುವ ವಾಡಿಕೆಯಿತ್ತೆಂಬದು ೨೦೧೫ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಬಂದ ಉತ್ತರದಿಂದ ತಿಳಿದಾಗ ಜನರು ಮರುಗಿದರು. ಆ ಬಳಿಕ ಅವುಗಳನ್ನು ಮೀರತ್ತಿನಲ್ಲಿ ಇಟ್ಟು ಸಾಕುವ, ಸಾಕಲು ಒಪ್ಪಿದವರಿಗೆ ಕೊಡುವ ಏರ್ಪಾಡು ಬಂತು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆಯು ತನ್ನ ಮುಪ್ಪಿನಲ್ಲಿ, ೧೯೯೧ರಲ್ಲಿ, ಸ್ಥಾಪಿಸಿದ ಕ್ಯೂಪಾ ಸಂಸ್ಥೆಯವರು ಯಜಮಾನರು ಬೀದಿಗೆ ಬಿಟ್ಟ ತಳಿನಾಯಿಗಳಿಗೆ ಎರಡನೆಯ ಮನೆ ಹುಡುಕಿಕೊಡುತ್ತ ಬಂದಿದ್ದಾರೆ.

ಮುಧೋಳದ ನಾಯಿಯ ಮಾತು ನಮಗೆ ಇನ್ನೂ ಹತ್ತಿರದ್ದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಕಾಪಾಡಿದರು. ೨೦೦೫ರಲ್ಲಿ ಅಂಚೆ ಚೀಟಿಯ ಮೇಲೆ ಇದರ ಚಿತ್ರವು ಬಂತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಇದರ ಸಂಶೋಧನಾ ಕೇಂದ್ರವನ್ನು ನಡಿಸುತ್ತಾರೆ. ೨೦೨೦ರ ಆಗಸ್ಟ್ ೩೦ರಂದು ಪ್ರಧಾನಮಂತ್ರಿಯವರು ಆಕಾಶವಾಣಿಯಲ್ಲಿ ಇದರ ಹೆಸರೆತ್ತಿ, ನಾಯಿಯನ್ನು ಸಾಕುವವರು ದೇಶೀ ತಳಿಯನ್ನೇ ಸಾಕಿರೆಂದು ಹೇಳಿದರು. ಹೆಮ್ಮೆಯ ಮಾತೇ ಸರಿ. ಆದರೆ ಹೆಮ್ಮೆಗೆ ಕೊಂಡ ಮರಿಯು ಒಂದು ವರ್ಷದಲ್ಲಿ ಸೊಂಟದೆತ್ತರ ಬೆಳೆದು ಕೋಳಿಗಳನ್ನು ಅಟ್ಟತೊಡಗಿದಾಗ ಅದನ್ನು ಯಾರಿಗಾದರೂ ಸಾಗಿಸಿದರೆ ಸಾಕೆಂಬ ಮನೆಗಳೂ ಇರುತ್ತವೆ. ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿ, ಬೆಳಿಗ್ಗೆಯಿಂದ ಸಂಜೆಯ ವರೆಗೆ ಸರಪಣಿಯಲ್ಲಿ ಕಟ್ಟಿಡುವದಕ್ಕೆ ಈ ನಾಯಿಯನ್ನು ತರಕೂಡದು. ಸಾಕಲೇಬೇಕೆಂದಿರುವವರು ಮೊದಲು ಪರಿಚಯದ ಪಶುವೈದ್ಯರನ್ನು ವಿಚಾರಿಸಿ, ಯಾರಾದರೂ ಸಾಕಲಾರದೆ ಬಿಡಲಿರುವ ದೊಡ್ಡ ನಾಯಿಯುಂಟೋ ನೋಡಬಹುದು. ದೊಡ್ಡ ನಾಯಿಯು ಹೊಸ ಮನೆಗೆ ಒಗ್ಗದೆಂಬ ಮಾತು ಸುಳ್ಳೆಂಬದನ್ನು ಗ್ರೇಹೌಂಡುಗಳು ತೋರಿಸಿವೆ.

ತಂದ ಮೇಲೆ ಮೊದಲಿನ ಕೆಲವು ವಾರಗಳ ಪಾಠವು ಮೇಲೆ ಹೇಳಿದಂಥದೇ. ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆಯುಂಟು. ರಾಣೆಬೆನ್ನೂರಿನ ಅಭಯಾರಣ್ಯವು ನಮಗೆ ನೆರೆಯದು. ಅಲ್ಲಿಯ ಕೃಷ್ಣಮೃಗಗಳು ಕಾಡಿನ ಅಂಚಿನ ಹೊಲಗಳಿಗೂ ಮೇಯಲು ಬರುತ್ತವೆ. ೧೯೭೨ರ ಕಾಯಿದೆಯ ಪ್ರಕಾರ ಅವುಗಳ ಬೇಟೆಯು ಅಪರಾಧ, ನಾಯಿಯನ್ನು ಬಿಟ್ಟು ಮೊಲವನ್ನು ಹಿಡಿಸುವದೂ ಅಪರಾಧವೇ. ಆ ಕಡೆಯ ಹೊಲಗಳಲ್ಲಿ ಮುಧೋಳದ ನಾಯಿಯೊಡನೆ ತಿರುಗಾಡುವವರು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿ ಹಿಡಿಯದೆ, ಹಿಡಿಕೆಯುಳ್ಳ ಗಟ್ಟಿ ಹಗ್ಗವನ್ನೇ ಹೊಲಿಸಿಕೊಳ್ಳಲಿ. ಜಿಂಕೆಯನ್ನು ಕಂಡು ನಾಯಿಯು ಜಗ್ಗಿದಾಗ, ಸುತ್ತಿದ ಹಗ್ಗವು ಬೆರಳುಗಳನ್ನು ಮುರಿಯುತ್ತದೆ.