ಬರೀ 584 ಓದಿದರೆ

ತಮ್ಮಾ, ನೀನು ಕಳಿಸಿದ ಲ್ಯಾಬ್ ನಕ್ಷೆ ನೋಡಿದೆ. ನಡುವೆ ರಾಯಚೂರು, ಆಚೆ ದೇವದುರ್ಗ, ಈಚೆ ಮಾನ್ವಿ. ದೇವದುರ್ಗಕ್ಕೆ 10.1, ಮಾನ್ವಿಗೆ 10.2, ನಡುವಿನ ಲಿಂಕ್‌ಗಳಿಗೆ 192.168 ಕೊಟ್ಟು ಆರ್‌ಐಪಿ ಒಂದನೇ ಆವೃತ್ತಿ ಹಾಕಿದ್ದೀ. "ಪ್ರೈವೇಟ್ ಅಡ್ರೆಸ್ ಅಂತ ಆರ್‌ಐಪಿ ತಡೀತದೇನು ಕಾಕಾ?" ಅಂತ ಕೇಳಿದ್ದೀ.

ಇಲ್ಲಪ್ಪಾ. ಆರ್‌ಐಪಿಗೆ ಆ ಭೇದವೇ ತಿಳಿಯದು. ಅದರ ಆರ್‌ಎಫ್‌ಸಿ 1058 ಬಂದದ್ದು 1988ರಲ್ಲಿ. ಪ್ರೈವೇಟ್ ಅಡ್ರೆಸ್‌ಗಳ ಆರ್‌ಎಫ್‌ಸಿ 1918 ಬಂದದ್ದು 1996ರಲ್ಲಿ. ಹೊರಗೆ ಸೋರದಂತೆ ತಡೆಯುವುದು ಗಡಿಯ ಫಿಲ್ಟರಿನ ಕೆಲಸ. ಆರ್‌ಐಪಿ ಒಂದನೇ ಆವೃತ್ತಿ ನೋಡುವುದು ಕ್ಲಾಸನ್ನು ಮಾತ್ರ, ಸಬ್‌ನೆಟ್ ಮಾಸ್ಕನ್ನು ಅದು ಹೊತ್ತೊಯ್ಯುವುದೇ ಇಲ್ಲ.

ಪಿನ್ ಕೋಡ್ ನೆನೆಸಿಕೋ. ದೇವದುರ್ಗ 584111, ಮಾನ್ವಿ 584123. ಬರೀ 584 ಓದಿ ಕಾಗದ ಹಂಚುವವನಿಗೆ ಎರಡೂ ಒಂದೇ ಊರು. 10 ಎ ಕ್ಲಾಸು, ಮೊದಲ ಚುಕ್ಕೆಯ ತನಕ ಓದಿದರೆ ಮುಗಿಯಿತು. 192.168ರ ಲಿಂಕ್ ದಾಟುವಾಗ ದೇವದುರ್ಗದ ರೂಟರ್ "10 ಪೂರ್ತಿ ನನ್ನ ಕಡೆ" ಅನ್ನುತ್ತದೆ. ಮಾನ್ವಿಯದೂ ಅದೇ ಮಾತು. ದೂರವೂ ಒಂದೊಂದೇ ಹಾಪ್. ರಾಯಚೂರು ಇಬ್ಬರನ್ನೂ ನಂಬಿ ಒಂದು ಪ್ಯಾಕೆಟ್ಟನ್ನು ಕೃಷ್ಣೆಯ ಕಡೆ, ಇನ್ನೊಂದನ್ನು ತುಂಗಭದ್ರೆಯ ಕಡೆ ದಬ್ಬುತ್ತದೆ. ರಾಯಚೂರಿನ ರೂಟರಿನಿಂದ ಪಿಂಗ್ ಮಾಡು: ಒಂದು ಮುಟ್ಟುತ್ತದೆ, ಮುಂದಿನದು ಬೀಳುತ್ತದೆ. ಇದೇ ಆಟ ಕಂಡು ನಾನೊಮ್ಮೆ ಕೇಬಲ್ ಕೆಟ್ಟಿದೆ ಅಂದುಕೊಂಡು ರಾತ್ರಿಯೆಲ್ಲ ಕನೆಕ್ಟರ್ ಕ್ರಿಂಪ್ ಮಾಡುತ್ತ ಕೂತಿದ್ದೆ. ಪಾಪ, ಕೇಬಲ್ ಚೆನ್ನಾಗಿಯೇ ಇತ್ತು.

ಲಿಂಕ್‌ಗಳಿಗೂ 10.3, 10.4 ಕೊಡು. ಮಾಸ್ಕ್ ಎಲ್ಲ ಕಡೆ 255.255.0.0 ಇರಲಿ, ಒಂದು ಕಡೆಯೂ ಬೇರೆಯಾಗಬಾರದು. ಆಗ ದಾಟಲು ಗಡಿಯೇ ಇಲ್ಲ, ಗೊಂದಲವೂ ಇಲ್ಲ. ಇಲ್ಲವೇ ಊರಿಗೊಂದು, ಲಿಂಕಿಗೊಂದು 192.168.1, 192.168.2 ಅಂತ ಹಂಚು. ಸಿ ಕ್ಲಾಸಿನಲ್ಲಿ ಮೂರು ಅಂಕಿಯನ್ನೂ ಓದುವುದರಿಂದ ಕಲಸಿಹೋಗದು. ಆದರೆ ಒಂದನ್ನೇ ಒಡೆದು ಎರಡೂರಿಗೆ ಹಂಚಬೇಡ. 172.16ರಿಂದ 172.31ರ ತನಕದವು ಬಿ ಕ್ಲಾಸು, ಅಲ್ಲಿ ಎರಡು ಅಂಕಿ.

ನನ್ನ ಕೇಳಿದರೆ ಎರಡನೇ ಆವೃತ್ತಿಗೇ ಹೋಗು, ಮಾಸ್ಕ್ ಜೊತೆಗೇ ಹೋಗುತ್ತದೆ. ನೋ ಆಟೋ-ಸಮ್ಮರಿ ಅಂತಲೂ ಹೊಡಿ, ಮೂರೂ ರೂಟರಿನಲ್ಲಿ. ಇಲ್ಲದಿದ್ದರೆ ನಿನ್ನ ಸಿಸ್ಕೋ ಹಳೇ ಚಾಳಿ ಬಿಡದು. ಆಮೇಲೂ ರೂಟ್ ಪಟ್ಟಿಯಲ್ಲಿ 10.0.0.0 ಕಂಡರೆ ಗಾಬರಿಯಾಗಬೇಡ. ಹಳೇ ಸಾಲು ಉದುರಲು ನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಒಂದು ಚಹಾ ಕುಡಿದು ಬಾ.