ಕೇರುವುದು ಬೇರೆ, ಕಲ್ಲು ಆರಿಸುವುದು ಬೇರೆ

ಪ್ರಶ್ನೆ: ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕೆರೆಗೆ ಹೋಗಿ ಹಕ್ಕಿಗಳ ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ 1,400 ಇವೆ. ಲೈಟ್‌ರೂಮ್‌ನಲ್ಲಿ ಎರಡು ರಾತ್ರಿ ಕೂತರೂ ಐವತ್ತು ದಾಟಿಲ್ಲ, ಎಲ್ಲವೂ ಒಂದೇ ಥರ ಕಾಣುತ್ತವೆ. ಆರಿಸುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಆ ಎರಡು ರಾತ್ರಿ ನೀವು ಆರಿಸುತ್ತಿದ್ದಿರೋ, ತಿದ್ದುತ್ತಿದ್ದಿರೋ? ಐವತ್ತಕ್ಕೇ ನಿಂತಿದೆ ಅಂದರೆ, ಚಂದ ಕಂಡ ಚಿತ್ರ ಸಿಕ್ಕ ಕೂಡಲೇ ಬೆಳಕು ಏರಿಸಲು, ಅಂಚು ಕತ್ತರಿಸಲು ಕೈ ಹೋಗಿರಬೇಕು. ಅದಕ್ಕಿಂತ ಒಳ್ಳೆಯದು ಮೂರು ಫೋಟೊ ಮುಂದೆಯೇ ಇರಬಹುದು. ಆರಿಸಿ ಮುಗಿಯುವವರೆಗೆ ತಿದ್ದಬೇಡಿ.

ಮನೆಯಲ್ಲಿ ಅಕ್ಕಿ ಹಸನು ಮಾಡುವುದನ್ನು ನೋಡಿದ್ದೀರಲ್ಲ. ಮೊರ ಹಿಡಿದು ಕೇರುವಾಗ ಯಾರೂ ಕಲ್ಲು ಹುಡುಕುವುದಿಲ್ಲ. ಹೊಟ್ಟು ಹಾರಿಹೋದ ಮೇಲೆ ಕೂತು, ಕಣ್ಣಿಟ್ಟು ಕಲ್ಲು ಆರಿಸುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಹೋದರೆ ಎರಡೂ ಕೆಡುತ್ತವೆ.

ಮೊದಲ ಸುತ್ತು ಕೇರುವ ಸುತ್ತು. ಯಾವುದು ಚಂದ ಎಂದು ಕೇಳಿಕೊಳ್ಳಬೇಡಿ, ಯಾವುದು ಬೇಡ ಎಂದಷ್ಟೇ ನೋಡಿ. ತಲೆ ಚೌಕಟ್ಟಿನಾಚೆ ಹೋದದ್ದು, ಫೋಕಸ್ ಹಿಂದಿನ ಜೊಂಡಿಗೆ ಬಿದ್ದದ್ದು, ಹಕ್ಕಿ ಹಾರಿಹೋಗಿ ಬರೀ ನೀರು ಉಳಿದದ್ದು. ಲೈಟ್‌ರೂಮ್‌ನಲ್ಲಿ ‘ಎಕ್ಸ್’ ಒತ್ತಿದರೆ ‘ಬೇಡ’ ಎಂಬ ಗುರುತು ಬೀಳುತ್ತದೆ. ಕ್ಯಾಪ್ಸ್ ಲಾಕ್ ಹಾಕಿಟ್ಟರೆ ಗುರುತು ಬಿದ್ದ ಕೂಡಲೇ ಮುಂದಿನ ಚಿತ್ರ ತಾನಾಗಿ ಬರುತ್ತದೆ. ಒಂದಕ್ಕೆ ಎರಡು ಸೆಕೆಂಡಿನಂತೆ 1,400 ಚಿತ್ರ ಮುಕ್ಕಾಲು ಗಂಟೆ ಚಿಲ್ಲರೆ ಕೆಲಸ. ಅನುಮಾನ ಬಂದದ್ದನ್ನು ಹಾಗೇ ಬಿಟ್ಟು ಮುಂದೆ ಹೋಗಿ. ದುಡ್ಡು ಕೊಡದೆ ಸಿಗುವ ಡಾರ್ಕ್‌ಟೇಬಲ್‌ನಲ್ಲಿ ಇದೇ ಕೆಲಸಕ್ಕೆ ‘ಆರ್’ ಕೀಲಿ ಇದೆ.

ಕಲ್ಲು ಆರಿಸುವ ಸುತ್ತಿನಲ್ಲಿ ನಿಧಾನ ಬೇಕು. ಒಂದೇ ಬೆಳ್ಳಕ್ಕಿ, ಒಂದೇ ಹಾರಾಟ, ಹದಿನೈದು ಚಿತ್ರ ಇರುತ್ತವೆ. ಲೈಟ್‌ರೂಮ್‌ನಲ್ಲಿ ‘ಸಿ’ ಒತ್ತಿ ಎರಡನ್ನು ಅಕ್ಕಪಕ್ಕ ಇಟ್ಟು, ಗೆದ್ದದ್ದರ ಪಕ್ಕಕ್ಕೆ ಮುಂದಿನದನ್ನು ತನ್ನಿ. ದೊಡ್ಡದು ಮಾಡಿ ಮೊದಲು ನೋಡಬೇಕಾದದ್ದು ಕಣ್ಣು. ಹಕ್ಕಿಗಳಿಗೆ ಮೂರನೇ ರೆಪ್ಪೆಯೊಂದಿದೆ. ಅದು ಕಣ್ಣಿಗೆ ಅಡ್ಡ ಸರಿದ ಗಳಿಗೆಯಲ್ಲಿ ತೆಗೆದ ಚಿತ್ರದಲ್ಲಿ ಕಣ್ಣು ಹಾಲು ಬಿದ್ದಂತೆ ಮಂಕಾಗಿರುತ್ತದೆ. ಫೋಕಸ್ ತಪ್ಪಿತೆಂದು ಎಷ್ಟೋ ಜನ ಅದನ್ನು ಎಸೆಯುತ್ತಾರೆ. ಕೊಕ್ಕಿನ ಬುಡದ ಗರಿ ಗೀಟು ಗೀಟಾಗಿ ಕಂಡರೆ ಫೋಕಸ್ ಸರಿಯಿದೆ ಎಂದೇ ಅರ್ಥ. ಅದೇ ಸಾಲಿನ ಮುಂದಿನ ಚಿತ್ರದಲ್ಲಿ ಕಣ್ಣು ತೆರೆದಿರುತ್ತದೆ, ಹುಡುಕಿ. ಆಮೇಲೆ ರೆಕ್ಕೆ. ಪೂರ್ತಿ ಮೇಲೆತ್ತಿದ್ದು ಅಥವಾ ಪೂರ್ತಿ ಕೆಳಗಿಳಿಸಿದ್ದು ನನಗೆ ಇಷ್ಟ. ನಡುಮಟ್ಟದಲ್ಲಿದ್ದರೆ ಪಕ್ಕದಿಂದ ಬರೀ ಒಂದು ಗೆರೆಯಂತೆ ಕಾಣುತ್ತದೆ.

ಬೆಳ್ಳಕ್ಕಿಯ ಬಿಳುಪಿನ ಬಗ್ಗೆ ಒಂದು ಎಚ್ಚರಿಕೆ. ಕ್ಯಾಮೆರಾದ ಹಿಂದಿನ ಪರದೆ ತೋರಿಸುವುದು ಅದು ತಾನೇ ಬೇಯಿಸಿದ ಜೆಪೆಗ್ ಚಿತ್ರ. ಅದರಲ್ಲಿ ಸುಣ್ಣ ಬಳಿದಂತೆ ಕಂಡ ಬೆನ್ನಿನ ಗರಿಗಳು ರಾ ಕಡತದಲ್ಲಿ ಉಳಿದಿರಬಹುದು. ಹೈಲೈಟ್ ಒಮ್ಮೆ ಇಳಿಸಿ ನೋಡಿ, ಗರಿ ಮೂಡಿದರೆ ಇಟ್ಟುಕೊಳ್ಳಿ. ತಿದ್ದಬೇಡಿ ಎಂದ ನಾನು ಇದೊಂದಕ್ಕೆ ವಿನಾಯಿತಿ ಕೊಡುತ್ತೇನೆ. ಹಿಂದೊಮ್ಮೆ ಕೆರೆ ಏರಿಯ ಮೇಲೇ ನಿಂತು, ಆ ಪುಟ್ಟ ಪರದೆ ನಂಬಿ ಒಂದು ಸಾಲು ಪೂರ್ತಿ ಅಳಿಸಿಬಿಟ್ಟೆ. ಆ ಬೆಳಗಿನ ಮಂಜು ಇನ್ನೂ ಕಣ್ಣ ಮುಂದಿದೆ, ಚಿತ್ರ ಇಲ್ಲ.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತ ಹಕ್ಕಿಗಳ ಬೆನ್ನು ಹತ್ತಿದ್ದ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಸೆಕೆಂಡಿಗೆ ಹತ್ತು ತೆಗೆಯುವ ಇಂದಿನ ಕ್ಯಾಮೆರಾ ಅಷ್ಟನ್ನು ನಾಲ್ಕು ಸೆಕೆಂಡಿನೊಳಗೆ ಮುಗಿಸುತ್ತದೆ. ಆಗ ಅರ್ಧ ಆಯ್ಕೆ ಗುಂಡಿ ಒತ್ತುವ ಮೊದಲೇ ಆಗಿರುತ್ತಿತ್ತು. ಉಳಿದರ್ಧಕ್ಕೆ ಸ್ಲೈಡುಗಳನ್ನು ಬೆಳಕಿನ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಬಗ್ಗುತ್ತಿದ್ದರು. ಡಾರ್ಕ್‌ಟೇಬಲ್‌ನ ಆಯ್ಕೆಯ ಪರದೆಗೆ ಇವತ್ತಿಗೂ ‘ಲೈಟ್‌ಟೇಬಲ್’ ಎಂದೇ ಹೆಸರು.

ಆರಿಸುವ ಕೆಲಸವನ್ನು ಕೃತಕ ಬುದ್ಧಿಮತ್ತೆಗೇ ಒಪ್ಪಿಸುವ ತಂತ್ರಾಂಶಗಳೂ ಬಂದಿವೆ. ಮದುವೆ ಫೋಟೊದವರಿಗೆ ಅವು ಸಮಯ ಉಳಿಸುತ್ತವೆ, ಒಪ್ಪುತ್ತೇನೆ. ಆದರೆ ಕಣ್ಣು ಮುಚ್ಚಿದ ಮುಖ ಕಂಡರೆ ಅವು ಬದಿಗಿಡುತ್ತವೆ. ಧಾರೆಯ ಹೊತ್ತಿಗೆ ಅಜ್ಜಿ ಕಣ್ಣು ಮುಚ್ಚಿ ಕೈಮುಗಿದ ಚಿತ್ರವನ್ನು ನೀವು ಬದಿಗಿಡುತ್ತೀರಾ?

ಉಳಿದ ನಲವತ್ತೋ ಐವತ್ತೋ ಚಿತ್ರಗಳನ್ನು ಒಂದು ವಾರ ಮುಟ್ಟಬೇಡಿ. ಕೆಸರಲ್ಲಿ ಮಂಡಿಯೂರಿ ಕಾದ ನೆನಪು ಹಸಿಯಾಗಿರುವಾಗ ಪಟ್ಟ ಪಾಡೆಲ್ಲ ಚಿತ್ರದ ಚಂದವಾಗಿ ಕಾಣುತ್ತದೆ. ವಾರದ ಮೇಲೆ ನೋಡಿದರೆ ಹತ್ತು ಉಳಿದಾವು. ಅಷ್ಟನ್ನು ಮನಸಿಟ್ಟು ತಿದ್ದಿ.

‘ಎಕ್ಸ್’ ಬಿದ್ದವನ್ನು ಡಿಸ್ಕಿನಿಂದ ಅಳಿಸುವ ಮೊದಲು ಒಮ್ಮೆ ತಿರುವಿಹಾಕಿ. ಅವುಗಳಲ್ಲಿ ನಿಮಗೆ ಗುರುತು ಸಿಗದ ಹಕ್ಕಿ ಇದ್ದರೆ, ಚಿತ್ರ ಎಷ್ಟೇ ಮಸುಕಾಗಿರಲಿ, ದಿನಾಂಕ ಮತ್ತು ‘ಕೊಂಡಜ್ಜಿ ಕೆರೆ’ ಎಂದು ಬರೆದು ಬೇರೆ ಇಡಿ. ಬಲ್ಲವರಿಗೆ ತೋರಿಸಿ, ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಸೇರಿಸಿ. ಅದು ಈ ಕೆರೆಯಲ್ಲಿ ಯಾರೂ ದಾಖಲಿಸದ ಹಕ್ಕಿಯಾಗಿದ್ದರೆ, ನೀವು ಗೋಡೆಗೆ ಹಾಕುವ ಬೆಳ್ಳಕ್ಕಿಗಿಂತ ಆ ಮಸುಕು ಚಿತ್ರವೇ ಹೆಚ್ಚು ಜನರಿಗೆ ಬೇಕಾಗುತ್ತದೆ.